ಮಜೀದಸಾಬ ಬರೆಸಿದ ಚೀಟಿ

ಶ್ರೀನಿವಾಸ ಶಹಾಬಾದಿನ ಒಂದು ಯಂತ್ರ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನಕ್ಷೆಗಳನ್ನು ಕಾಯ್ದವನು. ಡ್ರಾಯಿಂಗ್ ಸ್ಟೋರ್ ಎಂಬ ಉದ್ದನೆಯ ಕೋಣೆ, ಅದರ ತುಂಬ ತಗಡಿನ ಕಪಾಟುಗಳು, ಕಪಾಟುಗಳಲ್ಲಿ ನಲವತ್ತು ಸಾವಿರ ಹಾಳೆಗಳು. ಯಾರಾದರೂ ಬಂದು ಇಂಥ ಯಂತ್ರದ ಇಂಥ ಹಲ್ಲುಚಕ್ರದ ನಕ್ಷೆ ಬೇಕೆಂದರೆ ಅವನು ಎದ್ದು ಹೋಗಿ ತಂದುಕೊಡುತ್ತಿದ್ದ. ಹುಡುಕುವವನು ಯಾವ ಹೆಸರು ಹಿಡಿದು ಹುಡುಕುತ್ತಾನೆ ಎಂದು ಮೊದಲು ತಿಳಿದುಕೊಳ್ಳಬೇಕು, ವಸ್ತುವನ್ನು ಎಲ್ಲಿಡಬೇಕೆಂದು ಆಮೇಲೆ ಯೋಚಿಸಬೇಕು. ಅಲ್ಲಿ ಅವನು ಕಲಿತದ್ದು ಇಷ್ಟೇ. ಆ ವಿಭಾಗ ಮುಚ್ಚಿದಾಗ ಅವನಿಗೆ ನಲವತ್ತೆರಡು. ವರ್ಷವಿಡೀ ರೈಲಿನಲ್ಲಿ ಕಲಬುರ್ಗಿಗೆ ಓಡಾಡಿ ಕಂಪ್ಯೂಟರ್ ಕಲಿತ. 2004ರ ಹೊತ್ತಿಗೆ ಸ್ಟೇಷನ್ ರಸ್ತೆಯ ಒಂದು ಕೋಣೆಯಲ್ಲಿ ಕೂತು ಎರಡು ಕಾಲೇಜುಗಳಿಗೂ ಒಂದು ಸಹಕಾರಿ ಸಂಘಕ್ಕೂ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಹೆಂಡತಿ ಜಾನಕೀಬಾಯಿ ಊರಿನ ಕನ್ಯಾ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು.

ಆ ವರ್ಷ ಶ್ರಾವಣದಲ್ಲಿ ಚಿತ್ತಾಪುರದಿಂದ ಗುರುಲಿಂಗಯ್ಯನವರ ಫೋನು ಬಂತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ಫರಸಿ ಕಲ್ಲಿನ ವ್ಯಾಪಾರಿಗಳು ಸೇರಿ ಮಾಡಿಕೊಂಡ ಸಂಘಕ್ಕೆ ಅವರು ಕಾರ್ಯದರ್ಶಿ. ನೆಲಕ್ಕೆ ಹಾಸುವ ಕಲ್ಲನ್ನು ಈಗ ಹೈದರಾಬಾದು, ಪುಣೆಯವರು ಕಂಪ್ಯೂಟರಿನಲ್ಲಿ ನೋಡಿಯೇ ಕೇಳುತ್ತಾರಂತೆ, ನಮ್ಮದೂ ಒಂದು ಸೈಟು ಬೇಕು, ದೀಪಾವಳಿಯೊಳಗೆ ಆಗಬೇಕು ಎಂದರು. ಶ್ರೀನಿವಾಸ ಒಪ್ಪಿದ.

ಮೊದಲ ಸಭೆ ಚಿತ್ತಾಪುರದಲ್ಲಿ, ಗುರುಲಿಂಗಯ್ಯನವರ ಅಂಗಡಿಯ ಮಾಳಿಗೆಯ ಮೇಲೆ ನಡೆಯಿತು. ಕಮಿಟಿಯಲ್ಲಿ ಹನ್ನೊಂದು ಜನ. ಶ್ರೀನಿವಾಸ ಹಳೆಯ ನಕ್ಷೆ ಹಾಳೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳನ್ನು ಒಯ್ದಿದ್ದ. ಮನೆ ಕಟ್ಟುವ ಮೊದಲು ಯಾವ ಕೋಣೆ ಎಲ್ಲಿ ಎಂದು ಗೆರೆ ಹಾಕುವ ಹಾಗೆ, ಸೈಟು ಮಾಡುವ ಮೊದಲು ಯಾವ ಪುಟ ಯಾವುದರ ಕೆಳಗೆ ಎಂದು ಗೊತ್ತುಮಾಡಬೇಕು ಎಂದು ವಿವರಿಸಿದ. ಸೈಟು ತೆರೆಯುವವನು ಯಾರು, ಅವನು ಏನು ಹುಡುಕಿಕೊಂಡು ಬರುತ್ತಾನೆ, ಒಂದೊಂದು ಚೀಟಿಗೆ ಒಂದೊಂದು ಸಂಗತಿ ಹೇಳಿರಿ ಎಂದ. ಎರಡು ತಾಸಿನಲ್ಲಿ ಅರವತ್ತೆರಡು ಚೀಟಿಗಳಾದವು. ಅಧ್ಯಕ್ಷರ ಸಂದೇಶ, ಉಪಾಧ್ಯಕ್ಷರ ಸಂದೇಶ, ಮಾಜಿ ಅಧ್ಯಕ್ಷರ ಫೋಟೊಗಳು, ಕಟ್ಟಡದ ಭೂಮಿಪೂಜೆ, ಮಂತ್ರಿಗಳು ಬಂದಾಗಿನ ಸನ್ಮಾನ. ಕಲ್ಲಿಗೆ ಸಂಬಂಧಿಸಿದವು ಏಳು. ಅವನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಚೀಲಕ್ಕಿಟ್ಟುಕೊಂಡು ಶ್ರೀನಿವಾಸ ಸಂಜೆಯ ಪ್ಯಾಸೆಂಜರ್ ಹತ್ತಿದ. ವಾಡಿಯಲ್ಲಿ ಇಳಿದು ಗಾಡಿ ಬದಲಿಸಲು ಒಂದೂವರೆ ತಾಸು ಕಾಯಬೇಕಾಯಿತು.

ಒಂದೇ ಊರಿನಲ್ಲಿ ಸಭೆ ನಡೆಸುವುದು ಉಳಿದ ನಾಲ್ಕು ಊರುಗಳಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಸರತಿಯ ಮೇಲೆ ಸಭೆಗಳಾಗಬೇಕೆಂದು ಠರಾವಾಯಿತು. ಎರಡನೆಯದು ಸೇಡಂನಲ್ಲಿ, ಅಧ್ಯಕ್ಷ ಸಿದ್ಧಲಿಂಗನವರ ಮನೆಯ ಪಡಸಾಲೆಯಲ್ಲಿ. ಸಿದ್ಧಲಿಂಗ ಎತ್ತರದ ಆಳು, ಇಸ್ತ್ರಿ ಕೆಡದ ಬಿಳಿ ಅಂಗಿ, ಅರವತ್ತು ದಾಟಿದವರು. ಶ್ರೀನಿವಾಸ ಗೋಡೆಗೆ ಅಂಟಿಸಿದ ಸೈಟಿನ ನಕ್ಷೆಯಲ್ಲಿ ಮೇಲೆ ‘ಶಹಾಬಾದ್ ಕಲ್ಲು’ ಎಂದು ಬರೆದಿದ್ದನ್ನು ನೋಡಿದ ಕೂಡಲೇ ಅವರು ಕನ್ನಡಕ ತೆಗೆದರು.

“ಕಲ್ಲು ನಮ್ಮ ಹೊಲದಾಗಿಂದು, ಹೆಸರು ಶಹಾಬಾದಿಂದು. ಹಿಂಗ ಎಷ್ಟ್ ದಿನ ನಡೀಬೇಕ್ರಿ?” ಎಂದರು.

ದೂರದ ಊರಿನವರಿಗೆ ಆ ಕಲ್ಲು ಆ ಹೆಸರಿನಿಂದಲೇ ಗೊತ್ತು, ಹುಡುಕುವವನು ಅದನ್ನೇ ಟೈಪ್ ಮಾಡುತ್ತಾನೆ ಎಂದು ಶ್ರೀನಿವಾಸ ಸಮಾಧಾನದಿಂದ ಹೇಳಿದ. ನೀವು ಶಹಾಬಾದಿನವರು, ಹಾಗಾಗಿ ಹೇಳುತ್ತೀರಿ ಎಂದು ಯಾರೋ ಅಂದರು. ಕೊನೆಗೆ ಮೇಲೆ ಬರೀ ‘ಕಲ್ಲು’ ಎಂದಿರಲಿ, ಕೆಳಗೆ ಐದೂ ಊರುಗಳಿರಲಿ ಎಂದಾಯಿತು. ಯಾವ ಊರು ಮೊದಲು? ಅಕ್ಷರಗಳ ಅನುಕ್ರಮ ಇಡೋಣ ಎಂದ ಶ್ರೀನಿವಾಸ. ಆ ಲೆಕ್ಕದಲ್ಲಿ ಚಿಂಚೋಳಿ ಮೊದಲಾಯಿತು, ಸೇಡಂ ಕೊನೆಯಾಯಿತು. ಚಿಂಚೋಳಿಯ ಸದಸ್ಯರಿಗೆ ಖಣಿ ಇರಲಿಲ್ಲ, ಊರಿಗೆ ಅಂಟಿಕೊಂಡ ಚಂದಾಪುರದಲ್ಲಿ ಕಲ್ಲು ಮಾರುವ ಒಂದು ಅಂಗಳವಿತ್ತು ಅಷ್ಟೇ. ಅವರು ಚಹಾ ಕುಡಿದರು. ಸಿದ್ಧಲಿಂಗ ಒಂದು ಕಾಗದದ ಮೇಲೆ ಏನೋ ಬರೆದು ಎಣಿಸಿ, ಸೈಟು ಇಂಗ್ಲಿಷಿನಲ್ಲಿರುವುದೇ ಒಳ್ಳೆಯದು ಎಂದರು. ಇಂಗ್ಲಿಷಿನ ಅನುಕ್ರಮದಲ್ಲಿ ಸೇಡಂ ಎರಡು ಮೆಟ್ಟಿಲು ಮೇಲೆ ಬರುತ್ತಿತ್ತು.

ಹೀಗೆ ದೀಪಾವಳಿ ಬಂದು ಹೋಯಿತು. ಶ್ರೀನಿವಾಸ ನಕ್ಷೆಯನ್ನು ಒಂಬತ್ತು ಸಲ ಬದಲಿಸಿದ. ಒಮ್ಮೆ ಊರುಗಳ ಕೆಳಗೆ ಮಾಲೀಕರು, ಒಮ್ಮೆ ಮಾಲೀಕರ ಕೆಳಗೆ ಕಲ್ಲು. ಕಲ್ಲಿನ ದಪ್ಪ, ಬಣ್ಣ, ಪಾಲಿಶ್ ಆದದ್ದು, ಆಗದ್ದು, ಇವನ್ನು ಕೊಳ್ಳುವವನು ಎಲ್ಲಿ ನೋಡಬೇಕು ಎಂದು ಅವನು ಕೇಳಿದಾಗಲೆಲ್ಲ ಅದು ಮುಂದಿನ ಸಭೆಗೆ ಹೋಗುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಪುಟ ಮೊದಲ ಪುಟಕ್ಕೆ ಎಷ್ಟು ಹತ್ತಿರ ಎಂದು ಬೆರಳಿನಿಂದ ಗೆರೆ ಎಣಿಸುತ್ತಿದ್ದರು. ಪ್ಯಾಸೆಂಜರ್ ಗಾಡಿಯ ಕಿಟಕಿಗೆ ತಲೆಯಾನಿಸಿ ಮನೆಗೆ ಮರಳುವಾಗ ಅವನಿಗೆ ಸಿಟ್ಟೂ ಬರುತ್ತಿರಲಿಲ್ಲ. ಒಂದು ದಿನ ಜಾನಕೀಬಾಯಿ, ಬೇಡ ಅಂದುಬಿಡಿ, ಬೇರೆ ಕೆಲಸ ಸಿಗುತ್ತದೆ ಎಂದಳು. ಬಿಡಬಹುದಿತ್ತು. ಬಿಡುತ್ತೇನೆ ಎಂದು ಹೇಳಲು ಇನ್ನೊಂದು ಸಭೆಗೆ ಹೋಗಬೇಕಾಗುತ್ತದೆ ಎಂದು ಅವನಂದ. ಅವಳು ನಕ್ಕಳು, ಅವನು ನಗಲಿಲ್ಲ.

ಮಜೀದಸಾಬ ಚೀಟಿ ಕೇಳಿದ್ದು ವಾಡಿಯ ಸಭೆಯಲ್ಲಿ, ಡಿಸೆಂಬರಿನಲ್ಲಿ. ಹತ್ತಿರದ ರಾವೂರದವರು. ಹನ್ನೆರಡನೆಯ ವಯಸ್ಸಿಗೆ ಖಣಿಗೆ ಇಳಿದು, ಮೂವತ್ತು ವರ್ಷ ಕಲ್ಲು ಸೀಳಿ, ಆಮೇಲೆ ಊರ ಹೊರಗೆ ಒಂದು ಸಣ್ಣ ಪಾಲಿಶ್ ಯಂತ್ರ ಹಾಕಿಕೊಂಡು ಸಂಘದ ಸದಸ್ಯರಾಗಿದ್ದರು. ಹಿಂದಿನ ಎಲ್ಲ ಸಭೆಗಳಿಗೂ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಒಂದು ಮಾತೂ ಆಡದೆ ಹೋಗಿದ್ದರು. ಅಂದು ಎದ್ದು ಬಂದು, ಖಾಲಿ ಚೀಟಿ ಅದಾವೇನ್ರಿ ಎಂದು ಕೇಳಿದರು. ಶ್ರೀನಿವಾಸ ಒಂದನ್ನು ತೆಗೆದ.

“ಬರೀರಿ,” ಎಂದರು ಮಜೀದಸಾಬ. “ಖಣಿಯೊಳಗ ಸತ್ತವ್ರು.”

ಶ್ರೀನಿವಾಸ ಬರೆದ. ಅವರು ಚೀಟಿಯನ್ನು ತೆಗೆದುಕೊಂಡು ಮೇಜಿನ ಮೇಲಿನ ಉಳಿದ ಚೀಟಿಗಳ ನಡುವೆ ಇಟ್ಟು, ತಿರುಗಿ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಮಜೀದಸಾಬರ ತಮ್ಮ ಜಿಲಾನಿ ಹದಿಮೂರು ವರ್ಷಗಳ ಹಿಂದೆ ಕಲ್ಲಿನ ಪದರು ಜಾರಿ ಅದರ ಕೆಳಗೆ ಸಿಕ್ಕು ಸತ್ತದ್ದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಬೇಡ ಎಂದು ಯಾರೂ ಅನ್ನಲಿಲ್ಲ. ಒಳ್ಳೆಯ ವಿಚಾರ ಎಂದರು ಒಬ್ಬರು. ಆದರೆ ಯಾವುದರ ಕೆಳಗೆ? ‘ನಮ್ಮ ಬಗ್ಗೆ’ ಎಂಬುದರ ಕೆಳಗೆ ಸರಿಯಾಗುವುದಿಲ್ಲ, ಅಲ್ಲಿ ಪದಾಧಿಕಾರಿಗಳಿದ್ದಾರೆ. ‘ಇತಿಹಾಸ’ದ ಕೆಳಗೆ ಇಡೋಣವೆಂದರೆ ಅಲ್ಲಿ ಸಂಘದ ಸ್ಥಾಪನೆಯ ಫೋಟೊ ಇದೆ. ಚೀಟಿ ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಕೊನೆಗೆ ಗುರುಲಿಂಗಯ್ಯನವರು ಅದನ್ನು ‘ಇತರೆ’ ಎಂಬ ಗುಂಪಿನೊಳಗೆ ಸೇರಿಸಿ ಮುಂದಿನ ವಿಷಯ ತೆಗೆದರು.

ಡ್ರಾಯಿಂಗ್ ಸ್ಟೋರಿನಲ್ಲಿ ‘ಇತರೆ’ ಎಂಬ ಕಪಾಟು ಇರಲಿಲ್ಲ. ಅಂಥದರಲ್ಲಿ ಹಾಕಿದ ಹಾಳೆ ಮತ್ತೆ ಸಿಗುವುದಿಲ್ಲ ಎಂದು ಶ್ರೀನಿವಾಸನಿಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಹೇಳಿದ್ದರು. ಅದನ್ನು ಈಗ ಹೇಳಬೇಕು ಅನ್ನಿಸಿತು. ಗಡಿಯಾರ ನೋಡಿದ. ಗಾಡಿಗೆ ಇನ್ನು ಇಪ್ಪತ್ತು ನಿಮಿಷ. ಅವನು ಚೀಟಿಗಳನ್ನು ಜೋಡಿಸಿ ಚೀಲಕ್ಕಿಟ್ಟುಕೊಂಡ. ಹೊರಡುವಾಗ ಬಾಗಿಲಲ್ಲಿ ಮಜೀದಸಾಬ ಸಿಕ್ಕರು, ನಮಸ್ಕಾರ ಮಾಡಿದರು. ಅವರ ಮುಖ ನೋಡಲು ಅವನಿಗೆ ಕಷ್ಟವಾಯಿತು.

ನಾಲ್ಕು ದಿನಗಳ ನಂತರ ಅವನಾಗಿಯೇ ರಾವೂರಕ್ಕೆ ಹೋದ. ಪುಟದಲ್ಲಿ ಏನಿರುತ್ತದೆ ಎಂದು ತಿಳಿಯದೆ ಅದರ ಜಾಗ ಹೇಗೆ ಗೊತ್ತುಮಾಡಲಿ ಎಂದು ಮಜೀದಸಾಬರಿಗೆ ಹೇಳಿದ. ಅದು ನಿಜವೂ ಆಗಿತ್ತು. ಅವರು ಪಾಲಿಶ್ ಯಂತ್ರ ನಿಲ್ಲಿಸಿ, ಕೈ ತೊಳೆದುಕೊಂಡು ಬಂದು, ಅಂಗಳದಲ್ಲಿ ಪೇರಿಸಿದ್ದ ಕಲ್ಲಿನ ಮೇಲೆ ಕೂತರು. ಅವರ ಹತ್ತಿರ ಬರೆದದ್ದು ಏನೂ ಇರಲಿಲ್ಲ. ಖಣಿಯಿಂದ ಖಣಿಗೆ ನೆನಪಿನಲ್ಲೇ ನಡೆಯುತ್ತ ಹೋದಂತೆ ಒಂದೊಂದೇ ಹೆಸರು ಹೇಳಿದರು, ಊರು ಹೇಳಿದರು, ವರ್ಷ ಹೇಳಿದರು. ಕಲ್ಲು ಬಿದ್ದವರು, ಮದ್ದು ಸಿಡಿದವರು, ಮಳೆಗಾಲದಲ್ಲಿ ತುಂಬಿದ ಖಣಿಯಲ್ಲಿ ಮುಳುಗಿದ ಇಬ್ಬರು. ಶ್ರೀನಿವಾಸ ಬರೆದುಕೊಂಡ. ಇಪ್ಪತ್ತಮೂರನೆಯದು ‘ನಾಮದೇವನ ಹೆಂಡತಿ’.

“ಅಕಿ ಹೆಸರೇನ್ರಿ?” ಎಂದು ಕೇಳಿದ.

ಮಜೀದಸಾಬ ಹೇಳಲು ಬಾಯಿ ತೆರೆದರು, ಹೆಸರು ಬರಲಿಲ್ಲ. ಆರು ವರ್ಷ ಒಂದೇ ಖಣಿಯಲ್ಲಿ ಅವಳು ಅವರು ಸೀಳಿದ ಕಲ್ಲನ್ನು ತಲೆಯ ಮೇಲೆ ಹೊತ್ತಿದ್ದಳು. “ಗೊತ್ತಿಲ್ರಿ,” ಎಂದರು. “ಎಲ್ಲಾರೂ ನಾಮದೇವನ ಹೇಣ್ತಿ ಅಂತಿದ್ರು. ನಾನೂ ಹಂಗೇ ಕರೀತಿದ್ದೆ.”

ಇಬ್ಬರೂ ಸೇರಿ ನಾಮದೇವನನ್ನು ಹುಡುಕಿಕೊಂಡು ಹೋದರು. ಊರಿನ ಆ ತುದಿಯಲ್ಲಿ, ಜೋಳದ ಹೊಲವೊಂದರ ಬದುವಿನಲ್ಲಿ ಅವನು ಸಿಕ್ಕ. ಖಣಿ ಬಿಟ್ಟು ಹೊಲ ಕಾಯುವ ಕೆಲಸಕ್ಕಿದ್ದ. ಕೆಮ್ಮಿನಿಂದ ಬಾಗಿದ ಮೈ. ಕಂಪ್ಯೂಟರು, ಸೈಟು ಎಂದರೆ ಅವನಿಗೆ ತಿಳಿಯುವಂತಿರಲಿಲ್ಲ. ಸತ್ತವರ ಹೆಸರುಗಳನ್ನು ಒಂದು ಕಡೆ ಬರೆದಿಡುತ್ತಿದ್ದೇವೆ, ದೂರದವರಿಗೂ ಕಾಣುವ ಹಾಗೆ, ಎಂದು ಮಜೀದಸಾಬ ಹೇಳಿದರು. ಯಾಕೆ ಎಂದು ನಾಮದೇವ ಕೇಳಲಿಲ್ಲ.

“ರುಕ್ಮಾಬಾಯಿ,” ಎಂದ. “ಆಳಂದ ಕಡೀಕಿನ್ ಹುಡುಗಿ. ಅಕಿ ಅಪ್ಪನ ಹೆಸರೂ ಬರೀತೀರೇನು?” ಎಂದು ಕೇಳಿದ.

ಬರೆಯುತ್ತೇನೆ ಎಂದು ಶ್ರೀನಿವಾಸ ಹೇಳಿದ. ನಾಮದೇವ ಹೇಳಿದ್ದನ್ನೆಲ್ಲ ಬರೆದುಕೊಂಡ. ಮರಳುವಾಗ ಮಜೀದಸಾಬ ದಾರಿಯುದ್ದಕ್ಕೂ ತಲೆ ತಗ್ಗಿಸಿ ನಡೆದರು. ಬಸ್ಸು ಬರುವ ಮೊದಲು, ಇನ್ನೂ ಮೂರು ಹೆಸರು ಅರ್ಧಕ್ಕರ್ಧ ಅದಾವು, ನಾನು ಕೇಳ್ಕೊಂಡು ಹೇಳ್ತೀನಿ ಎಂದರು.

ಕೊನೆಯ ಸಭೆ ಜನವರಿಯಲ್ಲಿ, ಚಂದಾಪುರದ ಆ ಕಲ್ಲಿನ ಅಂಗಳದ ಆಫೀಸಿನಲ್ಲಿ. ಶ್ರೀನಿವಾಸ ಸೇಡಂವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿದ. ಬಸ್ಸಿನಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಿದ್ದರು. ಅವನಿಗೆ ಕೂರಲು ಜಾಗ ಸಿಗಲಿಲ್ಲ, ಸುರುಳಿ ಮಾಡಿದ ನಕ್ಷೆಯನ್ನು ಎದೆಗೆ ಒತ್ತಿಕೊಂಡು ನಿಂತೇ ಬಂದ. ಅಂದು ನಕ್ಷೆಗೆ ಎಲ್ಲರೂ ಸಹಿ ಹಾಕಬೇಕಿತ್ತು. ನಲವತ್ತೊಂದು ಪುಟಗಳ ನಕ್ಷೆ. ‘ಇತರೆ’ ಎಂಬುದನ್ನು ಅವನು ತೆಗೆದುಹಾಕಿದ್ದ, ಅದರೊಳಗಿನವನ್ನೆಲ್ಲ ಬೇರೆ ಬೇರೆ ಕಡೆ ಹಂಚಿದ್ದ. ಒಂದೇ ಚೀಟಿ ಕೈಯಲ್ಲಿ ಉಳಿದಿತ್ತು.

ಸಭೆ ಸೇರುವ ಮೊದಲೇ ಗುರುಲಿಂಗಯ್ಯನವರು ಅವನನ್ನು ಪಕ್ಕಕ್ಕೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ಹೊರದೇಶದಿಂದ ಕಲ್ಲು ಕೊಳ್ಳುವವರು ಈ ಸೈಟು ನೋಡುತ್ತಾರೆ, ಸತ್ತವರ ಪುಟ ಕಂಡರೆ ನೂರೆಂಟು ಪ್ರಶ್ನೆ ಕೇಳುತ್ತಾರೆ ಎಂದು ಸಾವಕಾಶವಾಗಿ ಹೇಳಿದರು. ಮಜೀದಸಾಬರ ಮನಸ್ಸು ನೋಯಿಸುವುದೂ ಬೇಡ. ಪುಟ ಮಾಡಿ, ಆದರೆ ಯಾರ ಕೈಗೂ ಸಿಗದ ಹಾಗೆ ಎಲ್ಲಾದರೂ ಆಳದಲ್ಲಿಡಿ. ಅವರಿಗೆ ಇದೆ ಅನ್ನಿಸಬೇಕು, ನಮಗೆ ಇಲ್ಲ ಅನ್ನಿಸಬೇಕು.

ಆರು ತಿಂಗಳಲ್ಲಿ ಶ್ರೀನಿವಾಸ ಈ ಸಂಘದ ಯಾರಿಗೂ ಎದುರು ಮಾತಾಡಿರಲಿಲ್ಲ. ಅಂದು ಮಾತಾಡಿದ್ದು ಧೈರ್ಯದಿಂದಲೋ ದಣಿವಿನಿಂದಲೋ ಅವನಿಗೇ ತಿಳಿಯಲಿಲ್ಲ.

“ಹತ್ತೊಂಬತ್ತು ವರ್ಷ ನಾನು ವಸ್ತು ಸಿಗೂ ಹಂಗ ಇಟ್ಟೀನ್ರಿ,” ಎಂದ. “ಸಿಗದಂಗ ಇಡೂದು ನಂಗ ಬರೂದಿಲ್ಲ. ಬ್ಯಾಡ ಅಂದ್ರ ಬ್ಯಾಡ ಅಂತ ಸಭಾದೊಳಗ ನೀವೇ ಅನ್ರಿ. ಮಜೀದಸಾಬರ ಮುಂದ ಅನ್ರಿ.”

ಗುರುಲಿಂಗಯ್ಯ ಅವನನ್ನೇ ನೋಡಿದರು. ಆಮೇಲೆ ಒಳಗೆ ಹೋದರು.

ಸಭೆಯಲ್ಲಿ ಶ್ರೀನಿವಾಸ ನಕ್ಷೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿನ ತುಂಡು ಇಟ್ಟ. ಚೀಟಿಯನ್ನು ನಡುವೆ ಇಟ್ಟು, ಇದೊಂದು ಉಳಿದಿದೆ, ಇದರ ಜಾಗವನ್ನು ನಾನು ಗೊತ್ತುಮಾಡುವುದಿಲ್ಲ, ನೀವೇ ಯಾರಾದರೂ ಇಡಿ, ಇಲ್ಲವೇ ಎತ್ತಿ ನನ್ನ ಕೈಗೆ ಕೊಡಿ ಎಂದ. ಆಮೇಲೆ ಚೀಲದಿಂದ ಹಾಳೆ ತೆಗೆದು ಇಪ್ಪತ್ತಮೂರೂ ಹೆಸರುಗಳನ್ನು ಓದಿದ. ಹೆಸರು, ಊರು, ವರ್ಷ. ಓದಿ ಮುಗಿಸಲು ಮೂರು ನಿಮಿಷ ಸಾಕಾಯಿತು. ಹೊರಗೆ ಲಾರಿಗೆ ಕಲ್ಲು ತುಂಬುವ ಸದ್ದು ಕೇಳುತ್ತಿತ್ತು. ಮಜೀದಸಾಬ ನೆಲ ನೋಡುತ್ತ ಕೂತಿದ್ದರು.

ಎದ್ದವರು ಸಿದ್ಧಲಿಂಗ. ಎತ್ತಿ ಕೊಡುತ್ತಾರೆ ಎಂದೇ ಶ್ರೀನಿವಾಸ ಅಂದುಕೊಂಡ. ಅವರು ಮೊಣಕಾಲು ಹಿಡಿದು ಕಷ್ಟದಿಂದ ಬಗ್ಗಿ, ಚೀಟಿ ತೆಗೆದುಕೊಂಡು ಬಹಳ ಹೊತ್ತು ನಕ್ಷೆ ನೋಡಿದರು. ಮೇಲೆ ‘ಕಲ್ಲು’ ಎಂದಿದ್ದ ಚೌಕದ ಕೆಳಗೆ, ಐದು ಊರುಗಳ ಸಾಲಿನ ಪಕ್ಕದಲ್ಲಿ, ಅದೇ ಮಟ್ಟದಲ್ಲಿ ಇಟ್ಟರು.

“ನನ್ನ ಖಣಿಯೊಳಗ ಇಬ್ಬರು ಹೋಗ್ಯಾರ,” ಎಂದರು. “ನೀವು ಓದಿದ್ರೊಳಗ ಒಬ್ಬನ್ ಹೆಸರಷ್ಟೇ ಬಂತು. ಇನ್ನೊಬ್ಬನ್ ಹೆಸರು ಮುನಾಫ. ಬರ್ಕೊಳ್ರಿ.”

ಯಾವ ಊರು ಎಂದು ಶ್ರೀನಿವಾಸ ಕೇಳಿದ. ಸಿದ್ಧಲಿಂಗ ಹೇಳಿದರು. ವರ್ಷ ಕೇಳಿದಾಗ ದಿನವನ್ನೂ ಹೇಳಿದರು. ಅಷ್ಟು ವರ್ಷಗಳಾದರೂ ಆ ದಿನ ಅವರ ನಾಲಗೆಯ ತುದಿಯಲ್ಲೇ ಇತ್ತು. ಅವರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡರು.

ಆದರೂ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮುಂದೆ ಎರಡು ತಾಸು ಮಾತಾಯಿತು. ನಾಲ್ವರು ಪುಟವೇ ಬೇಡವೆಂದರು, ಒಬ್ಬರು ಎದ್ದು ಹೋದರು. ಕೊನೆಗೆ ಗುರುಲಿಂಗಯ್ಯನವರೇ ಒಂದು ದಾರಿ ತೆಗೆದರು: ಹೆಸರು, ಊರು, ವರ್ಷ ಇರಲಿ, ಯಾವ ಖಣಿ, ಯಾರ ಖಣಿ ಎಂಬುದು ಬೇಡ. ಎಲ್ಲರೂ ಮಜೀದಸಾಬರ ಕಡೆ ನೋಡಿದರು.

“ನಾನು ಯಾರ ಮ್ಯಾಲೂ ಕೇಸ್ ಹಾಕ್ಲಿಕತ್ತಿಲ್ರಿ,” ಎಂದರು ಅವರು. “ಹೆಸರು ಇರ್ಲಿ. ಬಸ್.”

ಒಬ್ಬೊಬ್ಬರಾಗಿ ಸಹಿ ಹಾಕಿದರು. ಶ್ರೀನಿವಾಸನಿಗೆ ಗೆದ್ದೆ ಅನ್ನಿಸಲಿಲ್ಲ. ಖಣಿಯ ಹೆಸರಿಲ್ಲದ ಯಾದಿ ಅರ್ಧ ಯಾದಿ ಎಂದು ಅವನಿಗೆ ಗೊತ್ತಿತ್ತು, ಮಜೀದಸಾಬರಿಗೂ ಗೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಮಜೀದಸಾಬ ಬಾಳೆಹಣ್ಣು ತಂದು ಎರಡನ್ನು ಅವನ ಕೈಗಿಟ್ಟರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು. ಸೇಡಂವರೆಗೂ ಜೊತೆಯಾಗಿ ಬಂದರು.

ಮಾರ್ಚಿನಲ್ಲಿ ಸೈಟು ಶುರುವಾಯಿತು. ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ಜಗಳ ಮುಗಿಯದ್ದರಿಂದ ಉದ್ಘಾಟನೆ ಆಗಲೇ ಇಲ್ಲ. ಒಂದು ಬುಧವಾರ ಮಧ್ಯಾಹ್ನ ಶ್ರೀನಿವಾಸ ಒಬ್ಬನೇ ಪುಟಗಳನ್ನು ಇಂಟರ್ನೆಟ್ಟಿಗೆ ಏರಿಸಿ ಗುರುಲಿಂಗಯ್ಯನವರಿಗೆ ಫೋನು ಮಾಡಿ ಹೇಳಿದ. ವಾರದೊಳಗೆ ಸಿದ್ಧಲಿಂಗ ಫೋನು ಮಾಡಿ ತಮ್ಮ ಫೋಟೊದಲ್ಲಿ ಮುಖ ಕಪ್ಪಾಗಿ ಬಂದಿದೆ ಎಂದು ದೂರಿದರು. ಆ ಇನ್ನೊಂದು ಪುಟದ ಬಗ್ಗೆ ಅವರು ಏನೂ ಕೇಳಲಿಲ್ಲ, ಇವನೂ ಆ ಮಾತು ತೆಗೆಯಲಿಲ್ಲ. ಎದ್ದು ಹೋದ ಸದಸ್ಯರು ಸಂಘವನ್ನೇ ಬಿಟ್ಟರು. ಪುಣೆಯಿಂದ ಒಂದಿಬ್ಬರು ಕಲ್ಲಿನ ದಪ್ಪ ಕೇಳಿ ಪತ್ರ ಬರೆದರು. ಹೊರದೇಶದವರು ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಏಪ್ರಿಲ್ ಮೊದಲ ವಾರ ಮಜೀದಸಾಬ ಅವನ ಕೋಣೆಗೆ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕುಂದ್ರಿ ಎಂದು ಕುರ್ಚಿ ಕೊಟ್ಟು, ನೀರು ಕೊಟ್ಟು, ಶ್ರೀನಿವಾಸ ಪುಟ ತೆರೆದ. ಫೋನಿನ ತಂತಿಯ ಮೇಲೆ ಬರುವ ಇಂಟರ್ನೆಟ್ಟು, ಪುಟ ಮೇಲಿನಿಂದ ಸಾಲು ಸಾಲಾಗಿ ಇಳಿಯಿತು. ಸಿದ್ಧಲಿಂಗನವರು ಕನ್ನಡ ಬೇಡವೆಂದಿದ್ದರೂ ಆ ಒಂದು ಪುಟವನ್ನು ಅವನು ಎರಡೂ ಭಾಷೆಯಲ್ಲಿ ಮಾಡಿದ್ದ. ಮಜೀದಸಾಬರಿಗೆ ಓದಲು ಬರುತ್ತಿರಲಿಲ್ಲ. ಓದ್ರಿ ಎಂದರು. ಅವನು ಓದಿದ. ಜಿಲಾನಿಯ ಹೆಸರು ಬಂದಾಗ ಅವರು ಅಲುಗಾಡದೆ ಕೂತಿದ್ದರು. ರುಕ್ಮಾಬಾಯಿಯ ಹೆಸರು ಬಂದಾಗ ಕೈ ಎತ್ತಿ ನಿಲ್ಲಿಸಿದರು.

ವರ್ಷ ತಪ್ಪಿದೆ ಎಂದರು. ತೊಂಬತ್ತೆರಡಲ್ಲ. ಭೂಕಂಪ ಆದ ವರ್ಷ, ಅದರ ಮರು ತಿಂಗಳು. ಭೂಕಂಪದಲ್ಲಿ ಗೋಡೆ ಬಿದ್ದದ್ದನ್ನು ಅವಳೇ ಕಟ್ಟಿ ಮುಗಿಸಿ ಖಣಿಗೆ ಬಂದಿದ್ದಳಂತೆ, ನಾಮದೇವ ಮೊನ್ನೆ ಹೇಳಿದ. ಹಾಗಾದರೆ ತೊಂಬತ್ತಮೂರು ಎಂದು ಶ್ರೀನಿವಾಸ ತಿದ್ದಿದ. ತಿದ್ದಿದ್ದನ್ನು ಏರಿಸಲು ಕೂತಾಗ ಲೈನು ಕಡಿಯಿತು. ಮತ್ತೆ ಹಚ್ಚಿದ, ಮತ್ತೆ ಕಡಿಯಿತು. ಕಣ್ಣುಗಳು ಉರಿಯುತ್ತಿದ್ದವು, ಕತ್ತು ನೋಯುತ್ತಿತ್ತು. ನಾಳೆ ಮಾಡುತ್ತೇನೆ, ನೀವು ಹೊರಡಿ, ಬಸ್ಸು ತಪ್ಪುತ್ತದೆ ಎಂದ.

“ನಾಳೆ ನೀವು ಮಾಡ್ತೀರಿ, ನಂಗೊತ್ತದ,” ಎಂದರು ಮಜೀದಸಾಬ. “ಆದ್ರೂ ಕುಂದರ್ತೀನಿ.”

ಅಷ್ಟರಲ್ಲಿ ಜಾನಕೀಬಾಯಿ ಶಾಲೆ ಮುಗಿಸಿ ಬಂದಳು. ಮನೆ ಕೋಣೆಯ ಹಿಂದೆಯೇ ಇತ್ತು. ಇಬ್ಬರನ್ನೂ ನೋಡಿ, ಚೀಲ ಕೆಳಗಿಟ್ಟು ಚಹಾಕ್ಕೆ ನೀರಿಡಲು ಹೋದಳು. ಶ್ರೀನಿವಾಸ ಐದನೆಯ ಸಲ ಲೈನು ಹಚ್ಚಿದ. ಅದು ಹಿಡಿಯಿತು. ಪುಟ ಏರುವಷ್ಟು ಹೊತ್ತು ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು.